ಯಾರೂ ಹೊರಡದ ಐದು ನಿಮಿಷ

ಕಚೇರಿಯಲ್ಲಿ ಅವಳನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಕಾಟಮ್ಮ. ಅವಳಿಗೆ ಎರಡೂ ಗೊತ್ತಿತ್ತು. ನಿಜ ಹೇಳಬೇಕೆಂದರೆ ಎರಡನೆಯ ಹೆಸರೇ ಅವಳಿಗೆ ಹೆಚ್ಚು ಇಷ್ಟ. ಸಂಬಳ ಕೊಡುತ್ತಿದ್ದುದೇ ಕಾಟ ಕೊಡುವುದಕ್ಕೆ ಎಂದ ಮೇಲೆ ಹೆಸರಿನ ಮೇಲೆ ಮುನಿಸು ಯಾಕೆ? ಉಳಿದವರು ಕಂಪ್ಯೂಟರುಗಳಿಗೆ ಕೆಲಸ ಕಲಿಸುತ್ತಿದ್ದರು. ಇವಳು ಕಲಿತುಬಂದವನ್ನು ಎದುರಿಗೆ ಕೂರಿಸಿಕೊಂಡು, ತಂತಿ ಕತ್ತರಿಸಿದರೆ ಏನು ಮಾಡ್ತೀಯ, ಕರೆಂಟು ತೆಗೆದರೆ ಏನು ಮಾಡ್ತೀಯ, ಪಕ್ಕದವನು ಅರ್ಧ ಮಾತಿಗೇ ಸುಮ್ಮನಾದರೆ ಏನು ಮಾಡ್ತೀಯ ಎಂದು ಜೀವ ಹಿಂಡುತ್ತಿದ್ದಳು. ಅತ್ತೆಯ ಕಾಟವಾದರೂ ಸಂಜೆಗೆ ಸ್ವಲ್ಪ ತಣ್ಣಗಾಗುತ್ತದೆ, ಇವಳದ್ದು ಹಗಲೂ ರಾತ್ರಿ ತಾನಾಗಿಯೇ ನಡೆಯುವ ಕಾಟ.

ಈ ಸಲ ಅವಳ ಕೈಗೆ ಸಿಕ್ಕಿದ್ದು ಊರಿನ ಆಂಬುಲೆನ್ಸುಗಳು. ಊರಲ್ಲಿ ಏಳು ನಿಲ್ದಾಣ. ಅಲ್ಲಿಯ ತನಕ ಯಾರು ಎಲ್ಲಿಂದ ಫೋನ್ ಮಾಡಿದರೂ ಕರೆ ಒಂದೇ ಕೋಣೆಗೆ ಬರುತ್ತಿತ್ತು. ಯಾವ ನಿಲ್ದಾಣದ ಗಾಡಿ ಹೊರಡಬೇಕೆಂದು ಹೇಳುತ್ತಿದ್ದುದು ಆ ಕೋಣೆಯೇ. ಅಲ್ಲಿ ಕಿವಿಗೆ ಫೋನು ಸಿಕ್ಕಿಸಿಕೊಂಡು ಇಪ್ಪತ್ತಾರು ವರ್ಷದಿಂದ ಕೂತವಳು ಬೇರೆ ಯಾರೂ ಅಲ್ಲ, ಕಾಟಮ್ಮನ ಒಡಹುಟ್ಟಿದ ಅಕ್ಕ. ಈಗ ಆ ಕೋಣೆ ಮುಚ್ಚಬೇಕು, ಏಳು ನಿಲ್ದಾಣದಲ್ಲೂ ಒಂದೊಂದು ಕಂಪ್ಯೂಟರು ಇದ್ದು ಅವು ತಮ್ಮತಮ್ಮಲ್ಲೇ ಮಾತಾಡಿಕೊಂಡು ಗಾಡಿ ಕಳಿಸಬೇಕು ಎಂದು ತೀರ್ಮಾನವಾಗಿತ್ತು. ಇದರಲ್ಲಿ ಅನ್ಯಾಯವೇನೂ ಇರಲಿಲ್ಲ. ಒಂದು ಕೋಣೆಗೆ ಬೆಂಕಿ ಬಿದ್ದರೆ ಊರೇ ಅನಾಥ. ಏಳು ಕಡೆ ಹಂಚಿಟ್ಟರೆ ಎರಡು ಸತ್ತರೂ ಐದು ಉಳಿಯುತ್ತವೆ. ಅಕ್ಕನೂ ಬೇಜಾರು ಮಾಡಿಕೊಂಡಿರಲಿಲ್ಲ. ಕಿವಿ ದಣಿದಿದೆ, ಇನ್ನು ಮೇಲೆ ಹಳೆಯ ಕಾಗದಪತ್ರದ ಕೋಣೆಯಲ್ಲಿ ಕೂರುತ್ತೇನೆ, ಕಾಗದ ಯಾವತ್ತೂ ಚೀರುವುದಿಲ್ಲ ಎಂದಿದ್ದಳು.

ಆ ಏಳು ಕಂಪ್ಯೂಟರುಗಳಿಗೆ ಕಲಿಸಿದ ನಿಯಮ ಮಗುವಿಗೂ ಅರ್ಥವಾಗುವಂಥದ್ದು. ಕರೆ ಬಂದೊಡನೆ ಹತ್ತಿರದ ನಿಲ್ದಾಣ ‘ಇದು ನನ್ನದು’ ಎಂದು, ಪಕ್ಕದಲ್ಲೇ ಗಂಟೆ ನಿಮಿಷ ಬರೆದು, ಉಳಿದ ಆರಕ್ಕೂ ಕಳಿಸುತ್ತದೆ. ಬರೆದ ಆ ಹೊತ್ತಿನಿಂದ ಎರಡು ನಿಮಿಷದೊಳಗೆ ‘ಗಾಡಿ ಹೊರಟಿತು’ ಎಂಬ ಇನ್ನೊಂದು ಮಾತು ಬರಬೇಕು. ಬರಲಿಲ್ಲವೆಂದರೆ ಪಾಪ ಅವನಿಗೇನೋ ಆಗಿದೆ ಎಂದು ತಿಳಿದು ಅವನ ನಂತರದ ಹತ್ತಿರದವನು ಗಾಡಿ ಕಳಿಸುತ್ತಾನೆ. ಅಷ್ಟೇ.

ಇದನ್ನು ನಿಜವಾದ ಊರಿನ ಮೇಲೆ, ನಿಜವಾದ ರೋಗಿಗಳ ಮೇಲೆ ಪರೀಕ್ಷೆ ಮಾಡಲಾಗುತ್ತದೆಯೇ? ಅದಕ್ಕೇ ಕಾಟಮ್ಮ ಒಂದು ಸುಳ್ಳು ಊರು ಕಟ್ಟಿದ್ದಳು. ಒಂದೇ ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಏಳು ಸುಳ್ಳು ಕಂಪ್ಯೂಟರು, ಅವುಗಳ ನಡುವೆ ಸುಳ್ಳು ತಂತಿ, ಸುಳ್ಳು ರಸ್ತೆ, ಸುಳ್ಳು ಗಾಡಿ, ಸುಳ್ಳು ಕರೆ. ಸಿಮ್ಯುಲೇಷನ್ ಎಂದು ಅದಕ್ಕೆ ಕಚೇರಿಯ ಹೆಸರು. ಸುಳ್ಳಾದರೂ ಕಾಗಕ್ಕ ಗುಬ್ಬಕ್ಕನ ಕಥೆಯಲ್ಲ. ನಾಲ್ಕು ತಿಂಗಳು ಅವಳು ಒಂದೊಂದು ನಿಲ್ದಾಣದ ಗಾಡಿಯಲ್ಲೂ ಕೂತು ಸುತ್ತಿದ್ದಳು. ಸೇತುವೆ ನಿಲ್ದಾಣದ ಗೇಟು ತೆರೆಯಲು ಹನ್ನೊಂದು ಸೆಕೆಂಡು, ಮಾರುಕಟ್ಟೆ ನಿಲ್ದಾಣದ ಮುಂದೆ ಬೆಳಿಗ್ಗೆ ತರಕಾರಿ ಲಾರಿ ಹಿಂದೆ ಸರಿಯಲು ನಲವತ್ತು ಸೆಕೆಂಡು, ಗೋದಾಮಿನ ಗೋಡೆ ಪಕ್ಕ ನೆಟ್‌ವರ್ಕ್ ಸಾಯುವ ಜಾಗ ಇಂಥದ್ದು ಎಂದು ಎಲ್ಲವನ್ನೂ ಬರೆದುಕೊಂಡು ಬಂದು ಆ ಸುಳ್ಳು ಊರಿಗೆ ಉಣಿಸಿದ್ದಳು. ಅಕ್ಕನ ಕೋಣೆಯ ಹಳೆಯ ಪುಸ್ತಕಗಳಿಂದ, ಊರಿನ ಯಾವ ಭಾಗದಲ್ಲಿ ಯಾವ ಹೊತ್ತಿಗೆ ಎಂಥ ಕರೆ ಬರುತ್ತದೆಂದೂ ತೆಗೆದುಕೊಂಡಿದ್ದಳು.

ಆ ಊರಿನ ಒಂದು ವರ್ಷ ಅವಳ ಮೇಜಿನ ಮೇಲೆ ನಲವತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಮೂವತ್ತು ಸಾವಿರ ಕರೆ, ಮೂವತ್ತು ಸಾವಿರ ಓಟ. ಅವಳು ಬೆರಳೆತ್ತಿದರೆ ಊರು ನಿಂತಲ್ಲೇ ನಿಲ್ಲುತ್ತಿತ್ತು, ಗಾಡಿ ರಸ್ತೆಯ ನಡುವೆ, ಮಾತು ತಂತಿಯ ನಡುವೆ. ಮತ್ತೆ ಬೆರಳಿಟ್ಟರೆ ಏನೂ ಆಗದಂತೆ ಮುಂದುವರಿಯುತ್ತಿತ್ತು. ಇನ್ನೂ ದೊಡ್ಡ ಬೆರಗು ಬೇರೆಯೇ ಇತ್ತು. ಪ್ರತಿ ವರ್ಷದ ಮೊದಲಿಗೆ ಅವಳು ಒಂದು ಸಂಖ್ಯೆ ಕೊಡಬೇಕು. ಆ ಕಸುಬಿನವರು ಅದನ್ನು ಬೀಜ ಎನ್ನುತ್ತಾರೆ. ಯಾವ ತಂತಿ ಯಾವಾಗ ತುಂಡಾಗುತ್ತದೆ, ಯಾರ ಮನೆಯಿಂದ ಎಷ್ಟು ಹೊತ್ತಿಗೆ ಫೋನು ಬರುತ್ತದೆ, ಎಲ್ಲವೂ ಆ ಒಂದು ಸಂಖ್ಯೆಯಿಂದ ಮೊಳೆಯುತ್ತದೆ. ಸಂಖ್ಯೆ ಬದಲಾದರೆ ಬೇರೆಯೇ ವರ್ಷ. ಅದೇ ಸಂಖ್ಯೆಯನ್ನು ಮತ್ತೆ ಕೊಟ್ಟರೆ ಅದೇ ವರ್ಷ, ಅದೇ ಮಂಗಳವಾರ, ಅದೇ ಹನ್ನೊಂದು ಗಂಟೆ ಆರು ನಿಮಿಷಕ್ಕೆ ಅದೇ ಮನೆಯ ಫೋನು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಕಳೆದುಹೋದ ದಿನ ಯಾರ ಬದುಕಿಗೆ ಹೀಗೆ ವಾಪಸು ಬರುತ್ತದೆ? ಏಳು ವರ್ಷದಿಂದ ಈ ಕೆಲಸದಲ್ಲಿದ್ದರೂ ಹಳೆಯ ಬೀಜವೊಂದನ್ನು ಹಾಕಿ ಹೋದ ವರ್ಷ ಮತ್ತೆ ಎದ್ದು ಬರುವುದನ್ನು ನೋಡುವಾಗ ಅವಳಿಗೆ ಇವತ್ತಿಗೂ ಮೈ ಜುಮ್ಮೆನ್ನುತ್ತಿತ್ತು. ಯಾರಿಗೂ ಹೇಳುತ್ತಿರಲಿಲ್ಲ, ನಕ್ಕಾರು ಎಂದು.

ಹೀಗೆ ಮೂವತ್ತಮೂರು ವರ್ಷ, ಹತ್ತಿರಹತ್ತಿರ ಹತ್ತು ಲಕ್ಷ ಕರೆ. ತಂತಿ ಕತ್ತರಿಸಿದಳು, ಮಾತು ತಡಮಾಡಿಸಿದಳು, ಕಂಪ್ಯೂಟರುಗಳನ್ನು ಸಾಯಿಸಿದಳು, ಒಂದೇ ಸಲ ಮೂರನ್ನು ಸಾಯಿಸಿದಳು. ಒಂದು ಕರೆಯೂ ತಪ್ಪಲಿಲ್ಲ. ವರದಿ ಬರೆದು ಸಹಿ ಹಾಕಿದಳು.

ವರದಿ ಕೈಗೆ ಬಿದ್ದದ್ದೇ ಮೇಲಧಿಕಾರಿ ಹಿಗ್ಗಿಹೋದರು. ಅವರಿಗೆ ಕಚೇರಿಯಲ್ಲಿ ಆಯ್ತಾ ಸಾರ್ ಎಂದು ಹೆಸರು, ಯಾಕೆಂದರೆ ಅವರ ಬಾಯಿಂದ ಬರುವ ಮೊದಲ ಮಾತೂ ಕೊನೆಯ ಮಾತೂ ಅದೇ. ಬೆಳಿಗ್ಗೆ ಮೆಟ್ಟಿಲಲ್ಲಿ ಸಿಕ್ಕರೂ ‘ಆಯ್ತಾ?’ ಎನ್ನುವವರು. ಏನಾಯ್ತಾ ಎಂದು ಕೇಳಿದವರಿಲ್ಲ. ಕೆಟ್ಟ ಮನುಷ್ಯರೇನಲ್ಲ, ಹಿಂದೆ ಏಳು ಕೆಲಸ ಅರ್ಧಕ್ಕೆ ನಿಂತು ಬೈಸಿಕೊಂಡವರು, ಎಂಟನೆಯದಾದರೂ ಮುಗಿಯಲಿ ಎಂಬ ಆಸೆ ಅವರಿಗೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಹಳೆಯ ಕೋಣೆಯ ಫೋನು ಕೀಳುವುದು, ಏಳು ಕಂಪ್ಯೂಟರು ಶುರುವಾಗುವುದು ಎಂದು ಗೊತ್ತುಮಾಡಿದರು. ಮೇಲಿನವರಿಗೆಲ್ಲ ಆಮಂತ್ರಣ ಹೋಯಿತು. ಗೋಡೆಗೆ ಅಂಟಿಸುವ ದೊಡ್ಡ ಫಲಕವೂ ಬರೆಸಿಯಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ.

ಬುಧವಾರ ಮಧ್ಯಾಹ್ನ ಅಕ್ಕ ಊಟದ ಡಬ್ಬಿ ಹಿಡಿದುಕೊಂಡು ತಂಗಿಯ ಕಚೇರಿಗೆ ಬಂದಳು. ನನ್ನನ್ನು ಕುರ್ಚಿಯಿಂದ ಎಬ್ಬಿಸುತ್ತಿರುವ ಆ ಮಹಾನುಭಾವ ಯಾರು, ಮುಖವಾದರೂ ನೋಡೋಣ ಎಂದು ತಮಾಷೆ. ಕಾಟಮ್ಮ ಕುರ್ಚಿ ಎಳೆದು ಕೂರಿಸಿ, ಪರದೆಯ ಮೇಲೆ ಸುಳ್ಳು ಊರು ತೆರೆದಳು. ಏಳು ಚೌಕ, ಅವುಗಳ ನಡುವೆ ಓಡಾಡುವ ಚುಕ್ಕಿಗಳು. ಚೌಕ ಹಸಿರಾಗಿದ್ದರೆ ಎಲ್ಲ ಸರಿ, ಕೆಂಪಾದರೆ ಎಲ್ಲೋ ಒಂದು ಕರೆ ತಪ್ಪಿದೆ.

ಅಕ್ಕ ಚುಕ್ಕಿಗಳ ಓಡಾಟವನ್ನೇ ಕಣ್ಣಲ್ಲಿ ಹಿಂಬಾಲಿಸಿದಳು. ಆಮೇಲೆ ಒಂದೊಂದಾಗಿ ಕೇಳತೊಡಗಿದಳು. ಸೇತುವೆಯವರು ಬೂಟಿನ ದಾರ ಕಟ್ಟುತ್ತಿರುವಾಗಲೇ ‘ಹೊರಟ್ವಿ’ ಅಂತಾರೆ, ಅದು ಇದರಲ್ಲಿದೆಯಾ? ಇದೆ, ಮೂವತ್ತು ಸೆಕೆಂಡು ಸೇರಿಸಿದ್ದೇನೆ. ಗೋದಾಮಿನ ಗೋಡೆ? ಅದೂ ಇದೆ. ಶಾಲೆ ಬಿಡುವ ಹೊತ್ತು? ಇದೆ. ಅಕ್ಕನ ಮುಖದಲ್ಲಿ ಮೆಚ್ಚುಗೆ ಕಾಣುತ್ತಿತ್ತು, ತಂಗಿಗೆ ಒಳಗೊಳಗೇ ಹೆಮ್ಮೆ. ಡಬ್ಬಿ ಮುಚ್ಚಿ ಎದ್ದು ನಿಂತ ಮೇಲೆ ಅಕ್ಕ ಕೇಳಿದ್ದು ಇಷ್ಟೇ:

“ಗುಡ್ಡದ ನಿಲ್ದಾಣದವರ ಟೈಮು ಯಾವ್ದು ಹಾಕಿದೀಯ?”

“ಯಾವ್ದು ಅಂದ್ರೆ? ಎಲ್ಲರಿಗೂ ಒಂದೇ ಟೈಮು ಅಲ್ವಾ ಅಕ್ಕ.”

“ಗುಡ್ಡದವರದು ಐದು ನಿಮಿಷ ಮುಂದೆ ಕಣೆ. ಅವ್ರು ಹೇಳಿದ ಟೈಮಲ್ಲಿ ಐದು ಕಳೀಬೇಕು. ನಾನು ಕೆಲಸಕ್ಕೆ ಸೇರ್ದಾಗಿಂದ ಕಳೀತಾನೇ ಇದೀನಿ.”

ಇಷ್ಟು ಹೇಳಿ ಅಕ್ಕ ಹೊರಟುಹೋದಳು, ಮೂರು ಗಂಟೆಗೆ ಅವಳ ಸರದಿ. ಕಾಟಮ್ಮ ಕುರ್ಚಿಯಲ್ಲಿ ಹಾಗೇ ಕೂತಳು. ದೀಪದ ಬುಡದಲ್ಲೇ ಕತ್ತಲು. ಈ ಸುಳ್ಳು ಊರಿನಲ್ಲಿ ಅವಳು ಕಾಟ ಕೊಡದ ವಸ್ತು ಒಂದಿರಲಿಲ್ಲ, ಒಂದೇ ಒಂದನ್ನು ಬಿಟ್ಟು. ಹೊತ್ತನ್ನು ಮಾತ್ರ ಅವಳು ಮುಟ್ಟಿರಲಿಲ್ಲ. ಏಳು ಕಂಪ್ಯೂಟರೂ ಗಂಟೆ ಎಷ್ಟೆಂದು ಅವಳ ಒಂದೇ ಗಡಿಯಾರವನ್ನು ಕೇಳುತ್ತಿದ್ದವು, ಅದು ತಪ್ಪುವ ಮಾತೇ ಇರಲಿಲ್ಲ. ಹೊತ್ತನ್ನು ನಿಲ್ಲಿಸುವವಳೂ ಓಡಿಸುವವಳೂ ತಾನೇ ಆದ್ದರಿಂದ, ಹೊತ್ತು ಎಲ್ಲರಿಗೂ ಒಂದೇ ಎಂಬುದು ಅವಳಿಗೆ ಗಾಳಿ ನೀರಿನಷ್ಟು ಸಹಜವಾಗಿಬಿಟ್ಟಿತ್ತು. ಈ ತಪ್ಪು ಅವಳ ಕಸುಬಿನವರು ಮಾತ್ರ ಮಾಡಬಲ್ಲ ತಪ್ಪು. ಗೋಡೆ ಗಡಿಯಾರ ನೋಡಿ ಬಸ್ಸಿಗೆ ಓಡುವ ಯಾರೂ ಇದನ್ನು ಮಾಡುವುದಿಲ್ಲ.

ಗುರುವಾರ ಬೆಳಿಗ್ಗೆಯೇ ಗುಡ್ಡದ ನಿಲ್ದಾಣಕ್ಕೆ ಹೋದಳು. ಗೋಡೆಯ ಗಡಿಯಾರ ಐದು ನಿಮಿಷ ಮುಂದಿರುವುದು ಸರಿ, ಅದರಿಂದ ನಷ್ಟವಿಲ್ಲ. ಕಂಪ್ಯೂಟರುಗಳು ಗೋಡೆ ನೋಡುವುದಿಲ್ಲ, ತಂತಿಯ ಮೂಲಕ ಹೊರಗಿನಿಂದ ಸರಿಯಾದ ಹೊತ್ತು ತರಿಸಿಕೊಳ್ಳುತ್ತವೆ. ದಾರಿಯುದ್ದಕ್ಕೂ ಇದೇ ಸಮಾಧಾನ ಹೇಳಿಕೊಂಡಳು. ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ಬಗ್ಗಿ ನೋಡಿದಳು. ಅದರಲ್ಲೂ ಐದು ನಿಮಿಷ ಮುಂದೆ.

ನಿಲ್ದಾಣದ ಹಿರಿಯ ಚಾಲಕ ಸಂಕೋಚವಿಲ್ಲದೆ ಒಪ್ಪಿಕೊಂಡ. ಹೊಸ ಪೆಟ್ಟಿಗೆ ಬಂದ ದಿನವೇ ನೋಡಿದೆ, ಅದೊಂದು ಹೊತ್ತು, ನಮ್ಮ ಗಡಿಯಾರ ಇನ್ನೊಂದು ಹೊತ್ತು, ಹುಡುಗರಿಗೆ ಗಲಿಬಿಲಿ. ಅದು ತಾನಾಗಿ ಸರಿಮಾಡಿಕೊಳ್ಳುವುದನ್ನು ನಿಲ್ಲಿಸಿ, ನಮ್ಮ ಗಡಿಯಾರಕ್ಕೆ ಸರಿಯಾಗಿ ಇಟ್ಟೆ ಎಂದ. ಅವನ ಮಟ್ಟಿಗೆ ಅದು ಉಪಕಾರ. ಮೊದಲಿಗೆ ಗಡಿಯಾರ ಮುಂದೆ ಇಟ್ಟದ್ದಾದರೂ ಯಾಕೆ ಎಂದು ಅವಳು ಕೇಳಿದಳು. ಚಾಲಕ ಹೊರಗಿನ ರಸ್ತೆ ತೋರಿಸಿದ. ಗುಡ್ಡದಿಂದ ಇಳಿಯುವಾಗ ನಾಲ್ಕು ತಿರುವು. ಉಳಿದ ನಿಲ್ದಾಣಗಳಿಗಿಂತ ಐದು ನಿಮಿಷ ಹೆಚ್ಚು ಹಿಡಿಯುತ್ತದೆ. ಅವನು ಕೆಲಸಕ್ಕೆ ಸೇರುವ ಮುಂಚೆಯೇ, ಯಾರೋ ಒಬ್ಬರಿಗೆ ಗಾಡಿ ತಡವಾಗಿ, ಆಗಿನವರು ಮುಳ್ಳು ತಿರುಗಿಸಿದ್ದರು.

“ತಡ ಆಗೋಗಿದೆ ಅಂದ್ಕೊಂಡೇ ಹೊರಡ್ತೀವಿ ಮೇಡಂ,” ಎಂದ. “ಅದಕ್ಕೇ ನಮ್ದು ತಡ ಆಗಲ್ಲ.”

ಅವಳಿಗೆ ಅವನನ್ನು ಬೈಯುವ ಮನಸ್ಸಾಗಲಿಲ್ಲ. ಮನುಷ್ಯರು ಒಂದು ರಸ್ತೆಯ ಕಷ್ಟವನ್ನು ಗಡಿಯಾರದೊಳಗೆ ಇಟ್ಟುಕೊಂಡಿದ್ದರು. ಅದನ್ನು ಊರಿನ ಇನ್ನೊಂದು ತುದಿಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ ಕೂತ ಒಬ್ಬ ಹೆಂಗಸು ಯಾರೂ ಹೇಳಿಕೊಡದೆ ತಿಳಿದುಕೊಂಡು ದಿನಕ್ಕೆ ಹತ್ತು ಸಲ ಐದು ಕಳೆಯುತ್ತಿದ್ದಳು. ಇದು ಯಾವ ಕಾಗದದಲ್ಲೂ ಇರಲಿಲ್ಲ. ಅಕ್ಕನ ತಲೆಯೊಳಗೆ ಇಂಥವು ಇನ್ನೆಷ್ಟಿವೆಯೋ! ಒಂದೇ ಮನೆಯಲ್ಲಿ ಬೆಳೆದವಳು, ಅಕ್ಕನದು ಫೋನೆತ್ತುವ ಕೆಲಸ ಎಂದು ಎಷ್ಟೋ ಸಲ ಪರಿಚಯಿಸಿದ್ದವಳು, ಈಗ ಬಸ್ಸಿನ ಕಿಟಕಿಗೆ ತಲೆ ಒರಗಿಸಿಕೊಂಡು ಅಕ್ಕನ ಬಗ್ಗೆ ನಾಚಿಕೆ ಬೆರೆತ ಬೆರಗಿನಲ್ಲಿ ಮುಳುಗಿದಳು.

ಕಚೇರಿಗೆ ಬಂದವಳೇ ಸುಳ್ಳು ಊರಿನ ಏಳು ಕಂಪ್ಯೂಟರಿಗೂ ಒಂದೊಂದು ಸ್ವಂತ ಗಡಿಯಾರ ಕೊಟ್ಟಳು. ಗುಡ್ಡದ್ದು ಐದು ನಿಮಿಷ ಮುಂದೆ. ಉಳಿದವು ನಿಜವಾದ ಗಡಿಯಾರಗಳ ಹಾಗೆ ಚೂರುಪಾರು ಅತ್ತ ಇತ್ತ. ಅದೇ ಹಳೆಯ ಬೀಜಗಳನ್ನು ಹಾಕಿ ಊರನ್ನು ಓಡಿಸಿದಳು. ಹಿಂದೆ ತಪ್ಪಿಲ್ಲದೆ ಮುಗಿದಿದ್ದ ಅವೇ ವರ್ಷಗಳು, ಅವೇ ಕರೆಗಳು. ಮೊದಲ ವರ್ಷದ ಏಳನೆಯ ತಿಂಗಳಲ್ಲಿ ಒಂದು ಕರೆಗೆ ಗಾಡಿ ಬಹಳ ತಡವಾಗಿ ಹೋಗಿತ್ತು.

ಊರನ್ನು ಹಿಂದಕ್ಕೆ ತಿರುಗಿಸಿ, ಅದೊಂದೇ ಕರೆಯನ್ನು ನೋಡಿದಳು. ಹತ್ತು ಗಂಟೆ ಎರಡು ನಿಮಿಷಕ್ಕೆ ಫೋನು. ಗುಡ್ಡದ ಕಂಪ್ಯೂಟರು ‘ಇದು ನನ್ನದು’ ಎಂದು ಬರೆದು, ತನ್ನ ಗಡಿಯಾರ ನೋಡಿ, ಹತ್ತು ಏಳು ಎಂದು ಹಾಕಿ ಕಳಿಸಿತು. ಮರುಕ್ಷಣವೇ ಗುಡ್ಡದಲ್ಲಿ ಕರೆಂಟು ಹೋಯಿತು. ಆ ಕಂಪ್ಯೂಟರು ಸತ್ತಿತು, ಅಲ್ಲಿಯ ಚಾಲಕನಿಗೆ ವಿಷಯವೇ ಗೊತ್ತಾಗಲಿಲ್ಲ. ಆಗಬೇಕಾದದ್ದು ಏನು? ಹತ್ತು ನಾಲ್ಕಕ್ಕೆ ಮಾರುಕಟ್ಟೆಯ ಗಾಡಿ ಹೊರಡಬೇಕು. ಆದರೆ ಮಾರುಕಟ್ಟೆಯ ಕಂಪ್ಯೂಟರು ಆ ಚೀಟಿ ನೋಡಿತು: ಹತ್ತು ಏಳಕ್ಕೆ ಬರೆದದ್ದು, ಅಲ್ಲಿಂದ ಎರಡು ನಿಮಿಷ ಕಾಯಬೇಕು. ಸರಿ, ಹತ್ತು ಒಂಬತ್ತರ ತನಕ ಕಾಯೋಣ. ಉಳಿದ ಐದೂ ಹಾಗೇ ಎಂದವು. ಆರೂ ವಿನಯವಂತರು, ನಿಯಮ ಮೀರಿದವರು ಒಬ್ಬರೂ ಇಲ್ಲ. ಕಾಯಬೇಕಾದ ಎರಡು ನಿಮಿಷದ ಮೇಲೆ ಇನ್ನೂ ಐದು ನಿಮಿಷ ಊರಲ್ಲಿ ಆರು ಗಾಡಿ ಸುಮ್ಮನೆ ನಿಂತಿದ್ದವು. ಚೌಕಗಳೆಲ್ಲ ಹಸಿರು, ಸತ್ತ ಗುಡ್ಡದ್ದೂ ಸೇರಿ. ಅದರ ಕೊನೆಯ ಮಾತಿನ ಹೊತ್ತು ಇನ್ನೂ ಬಂದಿರಲಿಲ್ಲವಲ್ಲ!

ಅವಳು ಆ ಹಸಿರನ್ನೇ ನೋಡುತ್ತ ಕೂತಳು. ಭಯವೂ ಆಯಿತು, ಭಯಕ್ಕಿಂತ ಹೆಚ್ಚಿನದೇನೋ ಆಯಿತು. ಇಷ್ಟು ಚೊಕ್ಕವಾಗಿ, ಇಷ್ಟು ಶಾಂತವಾಗಿ, ಯಾರೂ ತಪ್ಪು ಮಾಡದೆ ಒಂದು ಜೀವ ಕೈತಪ್ಪಬಹುದು ಎಂದು ಅವಳಿಗೆ ಗೊತ್ತಿರಲಿಲ್ಲ. ಕರೆಯ ವಿವರ ತೆರೆದಳು. ಅಕ್ಕನ ಹಳೆಯ ಪುಸ್ತಕದ ಪ್ರಕಾರ ಬೀಜದಿಂದ ಮೊಳೆತ ಮೂರು ಪದ: ಮೂರನೇ ಮಹಡಿ, ಉಸಿರು.

ಉಳಿದ ವರ್ಷಗಳನ್ನೂ ಓಡಲು ಬಿಟ್ಟು ಮನೆಗೆ ಹೋದಳು. ಶುಕ್ರವಾರ ಮಧ್ಯಾಹ್ನ ಎಲ್ಲ ಮುಗಿದಾಗ ನೋಡಿದರೆ ಮೂವತ್ತಮೂರು ವರ್ಷದಲ್ಲಿ ಅಂಥ ಕರೆ ಮೂವತ್ತನಾಲ್ಕು.

ಆಯ್ತಾ ಸಾರ್ ಫಲಕದ ಅಕ್ಷರ ಓದುತ್ತಿದ್ದರು. ಅವಳು ವಿಷಯ ಹೇಳಿದಳು, ವರದಿಗೆ ಸಹಿ ಹಾಕಿದವಳು ತಾನೇ, ತಪ್ಪು ತನ್ನದೇ ಎಂದೂ ಹೇಳಿದಳು. ಅವರು ಸಿಟ್ಟಾಗಲಿಲ್ಲ, ಅದೇ ಕಷ್ಟವಾದದ್ದು. ಗುಡ್ಡದ ಗಡಿಯಾರ ಸರಿಮಾಡಿಸಿ, ಮುಗೀತಲ್ಲ, ಆಯ್ತಾ ಎಂದರು. ಇವತ್ತು ಗುಡ್ಡ, ನಾಳೆ ಇನ್ನೊಂದು ಎಂದಳು. ಕರೆಂಟು ಹೋಗಿ ಬಂದಾಗ, ಒಳಗಿನ ಬ್ಯಾಟರಿ ಸವೆದಾಗ, ಯಾರೋ ಉಪಕಾರ ಮಾಡಲು ಹೋದಾಗ ಗಡಿಯಾರ ತಪ್ಪಿಯೇ ತಪ್ಪುತ್ತದೆ, ತಪ್ಪಿದರೂ ನಡೆಯುವ ಹಾಗೆ ನಿಯಮವನ್ನೇ ಬದಲಿಸಬೇಕು, ಎರಡು ತಿಂಗಳು ಬೇಕು. ಅವರು ಕನ್ನಡಕ ತೆಗೆದು ಒರೆಸಿದರು. ಹತ್ತು ಲಕ್ಷದಲ್ಲಿ ಮೂವತ್ತನಾಲ್ಕು ಅಂದರೆ ಏನೇನೂ ಅಲ್ಲ ಎಂದರು. ಆಮೇಲೆ ದನಿ ತಗ್ಗಿಸಿ, ಜನ ಏನನ್ನುತ್ತಾರೆ ಗೊತ್ತಲ್ಲ, ಮುಚ್ಚುತ್ತಿರುವುದು ನಿಮ್ಮ ಅಕ್ಕನ ಕೋಣೆ ಎಂದರು.

ಈ ಮಾತು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಮುಖ ಬಿಸಿಯಾಯಿತು. ವಾದ ಮಾಡಿ ಗೆಲ್ಲುವ ಜಾತಿಯವಳಲ್ಲ ಅವಳು.

“ಏಳು ನಿಮಿಷ ಕೊಡಿ ಸಾರ್. ಒಂದು ತೋರಿಸ್ತೀನಿ. ಆಮೇಲೆ ನೀವು ಹೇಳಿದ ಹಾಗೆ.”

ಅವರನ್ನು ತನ್ನ ಕುರ್ಚಿಯಲ್ಲಿ ಕೂರಿಸಿದಳು. ಹತ್ತು ಎರಡರ ಆ ಕರೆ ತೆರೆದಳು. ವರ್ಷವನ್ನು ನಲವತ್ತು ನಿಮಿಷದಲ್ಲಿ ಮುಗಿಸುವ ಊರಿಗೆ ಕಡಿವಾಣ ಹಾಕಿ, ನಿಜವಾದ ಹೊತ್ತು ಹೇಗೆ ನಡೆಯುತ್ತದೋ ಹಾಗೇ ನಡೆ ಎಂದಳು. ಕಟ್ಟಿದಾಗಿನಿಂದ ಅವಳು ಅದನ್ನು ಅಷ್ಟು ನಿಧಾನವಾಗಿ ಓಡಿಸಿದ್ದು ಅದೇ ಮೊದಲು.

ಫೋನು ಬಂದ ಗುರುತಾಗಿ ಒಂದು ಮನೆಯ ಮೇಲೆ ಸಣ್ಣ ಚುಕ್ಕಿ ಹೊಳೆಯತೊಡಗಿತು. ಗುಡ್ಡ ‘ನನ್ನದು’ ಎಂದಿತು. ಗುಡ್ಡದ ಕರೆಂಟು ಹೋಯಿತು. ಪರದೆಯಲ್ಲಿ ಇನ್ನೇನೂ ನಡೆಯಲಿಲ್ಲ.

ಮೊದಲ ನಿಮಿಷ ಅವರು ಪರದೆ ನೋಡಿದರು. ಎರಡನೆಯ ನಿಮಿಷ ಕೈಗಡಿಯಾರ ನೋಡಿದರು. ಇಲ್ಲಿಯ ತನಕ ಲೆಕ್ಕದಲ್ಲಿರುವ ಕಾಯುವಿಕೆ ಸಾರ್, ಇನ್ನು ಮೇಲೆ ಇಲ್ಲದ್ದು ಎಂದು ಅವಳು ಮೆಲ್ಲಗೆ ಹೇಳಿದಳು. ಮೂರನೆಯ ನಿಮಿಷ ಅವರ ಬೆರಳು ಮೇಜಿನ ಮೇಲೆ ತಾಳ ಹಾಕಿ ನಿಂತಿತು. ಏಳು ಚೌಕ ಹಸಿರು. ಪಕ್ಕದ ಕೋಣೆಯಲ್ಲಿ ಯಾರೋ ನಗುತ್ತಿದ್ದರು, ಲಿಫ್ಟಿನ ಬಾಗಿಲು ತೆರೆದು ಮುಚ್ಚಿತು. ಸುಮ್ಮನೆ ಕೂತು ಕಳೆಯುವ ಒಂದು ನಿಮಿಷ ಎಷ್ಟು ಉದ್ದ ಇರುತ್ತದೆಂದು ದಿನಕ್ಕೆ ಇಪ್ಪತ್ತು ಸಭೆ ನಡೆಸುವವರಿಗೆ ಗೊತ್ತಿರುವುದಿಲ್ಲ. ನಾಲ್ಕನೆಯ ನಿಮಿಷದಲ್ಲಿ ಅವರು, ಮಾರುಕಟ್ಟೆ ನಿಲ್ದಾಣ ಆ ಮನೆಗೆ ಎಷ್ಟು ದೂರ ಎಂದು ಕೇಳಿದರು. ಮೂರು ರಸ್ತೆ ಎಂದಳು. ಐದನೆಯ ನಿಮಿಷದಲ್ಲಿ ಆ ಚುಕ್ಕಿ ಹೊಳೆಯುತ್ತಲೇ ಇತ್ತು, ಅವರು ಅದರಿಂದ ಕಣ್ಣು ತೆಗೆಯಲಿಲ್ಲ. ಆರನೆಯ ನಿಮಿಷದಲ್ಲಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತರು.

“ಯಾರಾದ್ರೂ ಹೋಗ್ರಪ್ಪ,” ಎಂದರು.

ಪರದೆಗೆ ಹೇಳಿದ್ದು. ಹೇಳಿದ ಮೇಲೆ ಅವರಿಗೇ ಅದು ಕೇಳಿಸಿತು. ಅಲ್ಲಿ ಮನೆಯೂ ಇರಲಿಲ್ಲ, ಮೂರನೇ ಮಹಡಿಯೂ ಇರಲಿಲ್ಲ, ಉಸಿರಿಗೆ ಒದ್ದಾಡುವವರು ಯಾರೂ ಇರಲಿಲ್ಲ. ಇದು ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೂ ಇಬ್ಬರೂ ಏಳನೆಯ ನಿಮಿಷ ಮುಗಿಯುವ ತನಕ ಉಸಿರು ಬಿಗಿಹಿಡಿದು ನಿಂತಿದ್ದರು. ಹತ್ತು ಒಂಬತ್ತಕ್ಕೆ ಮಾರುಕಟ್ಟೆಯ ಗಾಡಿ ಹೊರಟಿತು.

“ಇಂಥದ್ದು ವರ್ಷಕ್ಕೆ ಎಷ್ಟು?”

“ಒಂದು ಸಾರ್.”

ಅವರು ಹೊರಗೆ ಹೋಗಿ ಆಮಂತ್ರಣ ಕೊಟ್ಟ ಪ್ರತಿಯೊಬ್ಬರಿಗೂ ತಾವೇ ಫೋನು ಮಾಡಿದರು. ಬೈಸಿಕೊಳ್ಳುತ್ತಿದ್ದುದು ಗಾಜಿನ ಬಾಗಿಲಿನಾಚೆಯಿಂದ ಕಾಣುತ್ತಿತ್ತು. ಅವಳ ಹೆಸರು ಎಲ್ಲೂ ಎತ್ತಲಿಲ್ಲ. ಇದನ್ನು ಅವಳು ಮರೆಯಲಿಲ್ಲ.

ಎರಡು ತಿಂಗಳು ಎಂದದ್ದು ಮೂರಾಯಿತು. ನಿಯಮ ತಿದ್ದಿದ್ದು ಒಂದೇ ಸಾಲಿನಲ್ಲಿ: ಚೀಟಿಯಲ್ಲಿ ಬರೆದ ಹೊತ್ತನ್ನು ನಂಬಬೇಡ, ಮಾತು ನಿನ್ನ ಕಿವಿಗೆ ಬಿದ್ದ ಕ್ಷಣದಿಂದ ನೀನೇ ಎಣಿಸಿಕೋ. ಆದರೆ ಹೊತ್ತನ್ನು ನಂಬಿ ಕೂತ ಜಾಗಗಳು ಇನ್ನೂ ಹನ್ನೊಂದು ಸಿಕ್ಕವು, ಒಂದೊಂದನ್ನೂ ಹುಡುಕಿ ತೆಗೆಯಬೇಕಾಯಿತು. ಆ ಮೂರು ತಿಂಗಳೂ ವಾರಕ್ಕೆರಡು ಮಧ್ಯಾಹ್ನ ಅಕ್ಕ ಬಂದು ಕೂತಳು. ತನಗೆ ಗೊತ್ತಿದೆಯೆಂದೇ ಗೊತ್ತಿರದ ಸಂಗತಿಗಳನ್ನು ಹೇಳಿದಳು, ತಂಗಿ ಅವನ್ನೆಲ್ಲ ಸುಳ್ಳು ಊರಿನೊಳಗೆ ಇಟ್ಟಳು. ಗುಡ್ಡದ ಗಡಿಯಾರವನ್ನು ಯಾರೂ ಮುಟ್ಟಲಿಲ್ಲ. ಅದು ಐದು ನಿಮಿಷ ಮುಂದೆಯೇ ಓಡುತ್ತಿತ್ತು, ಈಗ ಅದರಿಂದ ಯಾರಿಗೂ ತೊಂದರೆಯಿರಲಿಲ್ಲ.

ಅಕ್ಕನ ಕೋಣೆಯ ಫೋನು ಕೀಳುವ ಹಿಂದಿನ ಮಧ್ಯಾಹ್ನ, ಕಾಟಮ್ಮ ಕೊನೆಯದಾಗಿ ಅದೇ ಬೀಜ ಹಾಕಿದಳು. ಆ ಕರೆಯ ಹೊತ್ತಿಗೆ ಊರನ್ನು ಮತ್ತೆ ನಿಜವಾದ ಹೊತ್ತಿನ ನಡಿಗೆಗೆ ಇಳಿಸಿದಳು. ಪಕ್ಕದಲ್ಲಿ ಅಕ್ಕ. ಹತ್ತು ಎರಡಕ್ಕೆ ಅದೇ ಮನೆ, ಅದೇ ಚುಕ್ಕಿ. ಗುಡ್ಡ ‘ನನ್ನದು’ ಎಂದಿತು, ಅದೇ ಕ್ಷಣಕ್ಕೆ ಅದೇ ಕರೆಂಟು ಹೋಯಿತು. ಹತ್ತು ನಾಲ್ಕಕ್ಕೆ ಮಾರುಕಟ್ಟೆಯ ಗಾಡಿ ಹೊರಟಿತು. ಮೂರು ರಸ್ತೆ ದಾಟಿತು. ಹತ್ತು ಏಳಕ್ಕೆ ಚುಕ್ಕಿಯನ್ನು ಮುಟ್ಟಿತು, ಚುಕ್ಕಿ ಆರಿತು. ಒಂದು ಹೊತ್ತನ್ನು ಹಿಂದಕ್ಕೆ ಕರೆದು ಬೇರೆ ರೀತಿ ನಡೆಸಿದ್ದೇವೆ ಎಂದು ಕಾಟಮ್ಮನಿಗೆ ಕಣ್ಣು ತುಂಬಿ ಬಂತು. ಸುಳ್ಳು ಊರಿಗೆ ಅಳುವುದೇ ಎಂದು ತನ್ನನ್ನೇ ಬೈದುಕೊಂಡಳು.

ಅಕ್ಕ ಆರಿದ ಜಾಗವನ್ನೇ ನೋಡುತ್ತಿದ್ದಳು.

“ಬದುಕಿದ್ರಾ?”

“ಅದು ಇದರಲ್ಲಿಲ್ಲ ಅಕ್ಕ. ಗಾಡಿ ತಲುಪೋ ತನಕ ಅಷ್ಟೇ ನಾನು ಕಟ್ಟಿರೋದು. ಆಮೇಲೆ ಏನಾಯ್ತು ಅಂತ ಇಲ್ಲಿ ಗೊತ್ತಾಗಲ್ಲ.”

ಅಕ್ಕ ತಲೆಯಾಡಿಸಿದಳು, ಏನೋ ತುಂಬ ಪರಿಚಯದ್ದನ್ನು ಕೇಳಿದವಳ ಹಾಗೆ.

“ನಂದೂ ಅಷ್ಟೇ ಕಣೆ. ‘ತಲುಪಿದ್ವಿ’ ಅಂತಿದ್ರು, ನಾನು ಒಂದು ಗೀಟು ಹಾಕ್ತಿದ್ದೆ. ಬದುಕಿದ್ರೋ ಇಲ್ವೋ, ಇಪ್ಪತ್ತಾರು ವರ್ಷದಲ್ಲಿ ಒಬ್ಬರದ್ದೂ ನಂಗೆ ಗೊತ್ತಾಗ್ಲಿಲ್ಲ.”

ಇಷ್ಟು ವರ್ಷ ಒಂದೇ ಮನೆಯ ಅಂಗಳದಲ್ಲಿ ಬಟ್ಟೆ ಒಣಗಿಸಿಕೊಂಡು, ಈ ಮಾತನ್ನು ತಾನು ಕೇಳಿರಲೇ ಇಲ್ಲವಲ್ಲ ಎಂದು ತಂಗಿಗೆ ಅನ್ನಿಸಿತು.

“ಕೇಳ್ಬೇಕು ಅನ್ನಿಸ್ತಿರಲಿಲ್ವಾ?”

“ಅನ್ನಿಸ್ತಿತ್ತು,” ಎಂದಳು ಅಕ್ಕ. “ಅಷ್ಟರಲ್ಲಿ ಮುಂದಿನ ಫೋನು ಬಂದುಬಿಡ್ತಿತ್ತು.”

ಪರದೆಯ ಮೇಲೆ, ಊರಿನ ಇನ್ನೊಂದು ಮೂಲೆಯಲ್ಲಿ ಹೊಸ ಚುಕ್ಕಿ ಹೊಳೆಯಿತು. ಸೇತುವೆಯವರು ‘ಇದು ನನ್ನದು’ ಎಂದರು. ಅಕ್ಕ ತಂಗಿ ಇಬ್ಬರೂ ಮುಂದಕ್ಕೆ ಬಾಗಿ, ಗೇಟು ತೆರೆಯುವ ಹನ್ನೊಂದು ಸೆಕೆಂಡನ್ನು ಬೆರಳಲ್ಲಿ ಎಣಿಸತೊಡಗಿದರು.